ಮೂವತ್ತು ಗಜಕ್ಕೆ ಯಾವ ಸ್ಕೋಪ್

ಹಾಸ್ಟೆಲ್, ಚಿಕ್ಕಮಗಳೂರು
೯ ಮಾರ್ಚ್ ೨೦೨೫, ಭಾನುವಾರ

ಪ್ರೀತಿಯ ಅಪ್ಪಾಜಿ,

ನಮಸ್ಕಾರ. ನೀವು ರೈಫಲ್ಲಿಗೆ ಹಾಕಿಸೋ ಮೂರು ಸ್ಕೋಪಿನ ಫೋಟೋ ಕಳಿಸಿ, "ಇಂಗ್ಲಿಷಲ್ಲಿ ಏನೇನೋ ಬರ್ದಿದಾರೆ, ಓದಿ ಯಾವ್ದು ತಗೊಳ್ಳೋದು ಹೇಳು ಮಗಳೇ" ಅಂದು ಹನ್ನೆರಡು ದಿನ ಆಯ್ತು. ತಡವಾಯಿತು, ಸಾರಿ. ನೀವು ಮತ್ತೆ ಕೋವಿ ಹಿಡೀತೀರಿ ಅಂತ ಗೊತ್ತಾದಾಗಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಫೋನ್ ಮಾಡಿದರೆ ನೀವು ನಡುವೆ ಮಾತಾಡ್ತೀರಿ, ನಾನು "ಹ್ಞೂಂ" ಅಂದುಬಿಡ್ತೀನಿ. ಅದಕ್ಕೇ ಕಾಗದ. ಐದನೇ ಕ್ಲಾಸಿಂದ ಬೋರ್ಡಿಂಗಿನಲ್ಲಿ ಪ್ರತಿ ಭಾನುವಾರ ಮನೆಗೆ ಇಂಗ್ಲಿಷಲ್ಲೇ ಬರೆಸ್ತಿದ್ರು, ಸಿಸ್ಟರ್ ಓದಿಯೇ ಅಂಟಿಸ್ತಿದ್ರು. ಮನೆಗೆ ಕನ್ನಡದಲ್ಲಿ ಇದು ಮೊದಲನೇದು. ತಪ್ಪಿದ್ದರೆ ಅಮ್ಮ ತಿದ್ದಿಕೊಂಡು ಓದಲಿ.

ಇಲ್ಲಿ ಇಂಟರ್ನಲ್ಸ್ ಮುಗೀತು. ವೈವಾದಲ್ಲಿ ಮಾತೇ ಹೊರಡಲಿಲ್ಲ. ಗೊತ್ತಿದ್ದ ಉತ್ತರಗಳೇ.

ಸ್ಕೋಪಿನ ವಿಷಯ. ನನ್ನ ರೂಮ್‌ಮೇಟ್ ಸೌಂದರ್ಯ ಎನ್‌ಸಿಸಿ ಶೂಟಿಂಗಿನಲ್ಲಿದ್ದವಳು. ಫೋಟೋ ನೋಡಿ "ಲೇ, ನಿಮ್ಮಪ್ಪ ತೋಟ ಕಾಯ್ತಾರೋ ಬಾರ್ಡರ್ ಕಾಯ್ತಾರೋ?" ಅಂತ ನಕ್ಕಳು. ನಿಮಗೆ ಇಷ್ಟವಾದ ಆ ದುಬಾರಿ ಸ್ಕೋಪು ಹದಿನಾರು ಪಟ್ಟು ಹತ್ತಿರ ತೋರಿಸತ್ತೆ. ಬಯಲಲ್ಲಿ ಐನೂರು ಗಜಕ್ಕೆ ಹೊಡೆಯೋರಿಗೆ ಅದು. ನಮ್ಮ ಕಾಫಿ ಗಿಡದ ನಡುವೆ ಕಾಣೋದೇ ಮೂವತ್ತು ಗಜ. ಅದರಲ್ಲಿ ನೋಡಿದರೆ ಒಂದೇ ಒಂದು ಎಲೆ ಕಾಣಬಹುದು. ಇಷ್ಟು ಹತ್ತಿರಕ್ಕೆ ಎರಡರಿಂದ ಏಳು ಪಟ್ಟು ಸಾಕು, ನೋಟ ಅಗಲ ಇರಬೇಕು. ಸೋವಿಯದು ಏರ್‌ಗನ್ನಿಗೆ ಮಾಡಿದ್ದು. ನಿಮ್ಮ ರೈಫಲ್ ಒದೆಯೋ ಏಟಿಗೆ ಹತ್ತು ಗುಂಡಲ್ಲಿ ಅದರೊಳಗಿನ ಗುರಿ ಹಿಡಿಯೋ ಗೆರೆ ಅಲ್ಲಾಡಿಹೋಗತ್ತೆ. ನಿಮಗೆ ಕನ್ನಡಕ ಬೇರೆ. ಕಣ್ಣಿಗೂ ಗಾಜಿಗೂ ಮೂರೂವರೆ ಇಂಚಾದರೂ ಬಿಡದಿದ್ರೆ ಕೋವಿ ಒದ್ದಾಗ ಹುಬ್ಬು ಸೀಳತ್ತೆ. ನಮ್ಮ ಕಡೆ ತೇವಕ್ಕೆ ಒಳಗೆ ಮಂಜು ಕಟ್ಟದ ಹಾಗೆ ಸೀಲ್ ಆಗಿರಬೇಕು. ಹಳೇ ರೈಫಲ್ಲಿಗೆ ಸ್ಕೋಪ್ ಕೂರಿಸೋ ಜಾಗವೇ ಇರಲ್ಲವಂತೆ, ತೂತು ಕೊರೆಸಬೇಕು. ಆ ಖರ್ಚೂ ನಿಮ್ಮ ಬಜೆಟ್ಟಿಗೆ ಸೇರಿಸಿದರೆ, ಎರಡರಿಂದ ಏಳು ಪಟ್ಟಿನ ಆ ಮೊದಲನೇ ಫೋಟೋದ್ದೇ ಸರಿ.

ಆದರೆ ತಗೋಬೇಡಿ.

ಸೌಂದರ್ಯನ ಕೋಚ್ ಮೊದಲ ದಿನವೇ ಹೇಳಿದ್ರಂತೆ, ಸ್ಕೋಪ್ ಇರೋದು ಗುರಿ ಹಿಡಿಯೋಕೆ, ಅದೇನು ಅಂತ ನೋಡೋಕಲ್ಲ. ಸ್ಕೋಪ್ ತಿರುಗಿದ ಕಡೆಗೇ ನಳಿಗೆಯೂ ತಿರುಗಿರತ್ತೆ. "ಹಂಗಾದ್ರೆ ನೋಡೋದು ಯಾವುದ್ರಲ್ಲಿ?" ಅಂದೆ. "ಬೈನಾಕ್ಯುಲರಲ್ಲಿ. ಇಲ್ಲಾಂದ್ರೆ ಯಾರದು ಅಂತ ಕೂಗ್ಬೇಕು ಕಣೇ, ಅಷ್ಟೇ" ಅಂದು ಅವಳು ಮ್ಯಾಗಿ ತಿನ್ನೋಕೆ ಶುರು ಮಾಡಿದಳು. ನಾನು ಬಾತ್‌ರೂಮಿಗೆ ಹೋಗಿ ಕೂತೆ.

ಜನವರಿಯಲ್ಲಿ ನೀವು ಕೂಗಲಿಲ್ಲ. ಉದುರಿದ ಹಣ್ಣು ಹಾಗೇ ಬಿಟ್ಟರೆ ಕಾಯಿಕೊರಕ ಹುಳ ಬೀಳತ್ತೆ ಅಂತ ಅಂಜನಮ್ಮನ್ನ ಹಳ್ಳದ ಕಡೆ ತೋಟಕ್ಕೆ ಕಳಿಸಿದ್ದು ನೀವೇ. ಮಿಕ್ಕ ಆಳುಗಳು ತೂಕ ಹಾಕಿಸಿ ಹೋದ್ರು. ಅವಳೊಬ್ಬಳೇ ಕುಕ್ಕರಗಾಲಲ್ಲಿ ಗಿಡದಡಿ ಕೂತು ಒಂದೊಂದೇ ಆರಿಸ್ತಿದ್ದಳು. ಚಳಿಗೆ ಸೀರೆ ಮೇಲೆ ಹಾಕಿಕೊಂಡಿದ್ದು ಅಮ್ಮ ಕೊಟ್ಟ ನಿಮ್ಮದೇ ಹಳೇ ಕಪ್ಪು ಕೋಟು. ಸಂಜೆ ಐದೂವರೆ ಆಗಿತ್ತು. ಹಂದಿ ಕಾಯೋಕೆ ಹೊರಟ ನಿಮ್ಮ ಹಿಂದೆ ನಾನೂ ಇದ್ದೆ. ಗಿಡದ ಬುಡದಲ್ಲಿ ಕಪ್ಪಗೆ ಅಲುಗಿತು. ನೀವು ಹೊಡೆದ್ರಿ. ಸರಿಯಾಗಿ ಮೊಣಕಾಲಿಗೇ ಬಿತ್ತು. ನಿಮ್ಮ ಗುರಿಗೆ ಯಾವ ಸ್ಕೋಪಿನ ಸಹಾಯವೂ ಬೇಕಿಲ್ಲ ಅಪ್ಪಾಜಿ.

ಮೊನ್ನೆ ಅಮ್ಮ ಫೋನಲ್ಲಿ, "ಸ್ಟೇಷನ್ನಿಂದ ಕೋವಿ ವಾಪಸ್ ಬಂತು ಕಣೆ, ಇನ್ಮೇಲೆ ಹಿಂಗಾಗ್ಬಾರ್ದು ಅಂತಾನೇ ಸ್ಕೋಪ್ ಹಾಕಿಸ್ತಿದಾರೆ. ಅಂಜನಮ್ಮನಿಗೆ ಕಣದಲ್ಲಿ ಕೂತು ಕಾಫಿ ಬೀಜ ಆರಿಸೋ ಕೆಲ್ಸ ಕೊಟ್ಟಿದಾರೆ, ಪಾಪ" ಅಂದ್ರು. ಒಂದು ಕಾಲು ಇಲ್ಲದವರಿಗೆ ಕೂತು ಮಾಡೋ ಕೆಲಸ. ನಾನು "ಹ್ಞೂಂ" ಅಂದೆ.

ಕೋವಿ ಸರೆಂಡರ್ ಮಾಡಿ. ಹಂದಿ ತಿಂದಷ್ಟು ತಿನ್ನಲಿ.

ಆಶೀರ್ವಾದ ಬೇಡಿ ಕಾಗದ ಮುಗಿಸಬೇಕು ಅಂತ ಗೊತ್ತು, ಕೈ ಬರ್ತಿಲ್ಲ. ನಿಮ್ಮ ಬಿಪಿ ಹತೋಟಿಯಲ್ಲಿರಲಿ, ಅಮ್ಮನ ಸೊಂಟನೋವು ಕಡಿಮೆಯಾಗಲಿ, ದೇವರು ಇಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿಮ್ಮ ಮಗಳು,
ಪಂಚಮಿ

ಮತ್ತೆ: ಇದು ಮರೆತು ಉಳಿದದ್ದಲ್ಲ. ರಾಜಿ ಮಾತಿನ ದಿನ ಅಂಜನಮ್ಮನ ಗಂಡ ಶಿವಯ್ಯ "ಒಡೆಯರೇ, ನೋಡ್ದೇ ಹೊಡೆದ್ರಾ?" ಅಂದಾಗ, ನೀವು ನನ್ನ ಕಡೆ ಕೈ ತೋರಿಸಿ "ಮಗು ಹಂದಿ ಅಂತು, ಹೊಡೆದೆ" ಅಂದ್ರಿ. ಹಾಸ್ಟೆಲಲ್ಲಿ ಬೆಳೆದ ಹುಡುಗಿ, ಅದಕ್ಕೇನು ಗೊತ್ತು ಅಂತ ಎಲ್ಲರೂ ನನ್ನನ್ನ ಕ್ಷಮಿಸಿಬಿಟ್ರು. ಅವರ ಮಗಳು ಪವಿತ್ರಾ ಮಾತ್ರ ನನ್ನನ್ನೇ ನೋಡ್ತಾ ನಿಂತಿದ್ದಳು. ನಾನು ಹಂದಿ ಅನ್ನಲಿಲ್ಲ. "ತಡೀರಿ ಅಪ್ಪಾಜಿ" ಅಂದೆ. ನೀವು "ಶ್, ಸುಮ್ನಿರು" ಅಂದ್ರಿ. ಅಂಗಳದಲ್ಲಿ ಅಷ್ಟು ಜನರ ಮುಂದೆಯೂ ಸುಮ್ನೇ ಇದ್ದೆ. ಮೊನ್ನೆ ಪವಿತ್ರಾಗೆ ನಡೆದದ್ದೆಲ್ಲ ಬರೆದು ಒಂದು ಕಾಗದ ಹಾಕಿದೀನಿ, ನಿಮ್ಮಮ್ಮನಿಗೂ ಅಪ್ಪನಿಗೂ ಓದಿ ಹೇಳು ಅಂತ. ಇದು ನಿಮ್ಮ ಕೈ ಸೇರೋ ಹೊತ್ತಿಗೆ ಅವಳು ಓದಿ ಮುಗಿಸಿರ್ತಾಳೆ.