ಜ್ವರ ಬಿಟ್ಟವನಿಗೆ

ದೊಡ್ಡ ಮನುಷ್ಯ,

ಒಗೆಯೋಕೆ ಹಾಕಿದ್ದ ನಿನ್ನ ಗ್ಯಾರೇಜ್ ಪ್ಯಾಂಟಿನ ಜೇಬಿನಲ್ಲಿ ಮಾತ್ರೆಗಳು ಸಿಕ್ಕವು. ದಿನಾ ನನ್ನೆದುರು ಗಟಗಟ ನೀರು ಕುಡಿದು ‘ನುಂಗಿದೆ’ ಅಂತಿದ್ದೆಯಲ್ಲ, ನಾಚಿಕೆ ಆಗಲ್ವಾ?

ಹೆಗಲು ನೋವು ಅಂತ ಮುಲಾಮು ತಿಕ್ಕಿಕೊಂಡು, ಚಳಿಜ್ವರದಲ್ಲಿ ನಡುಗ್ತಾ ಕೆಲಸಕ್ಕೆ ಹೋದವನು ನೀನು. ಕಡೆಗೆ ನೋಡಿದರೆ ಆ ನೋವಿಗೂ ಜ್ವರಕ್ಕೂ ಕಾರಣ ಲಿವರ್‌ನಲ್ಲಿ ಕೀವು. ಕೊಳವೆ ಹಾಕಿ ತೆಗೆದರು. ಉಳಿದದ್ದು ಮಾತ್ರೆಯಿಂದಲೇ ವಾಸಿಯಾಗಬೇಕು ಅಂದರು. ಅದು ಬೂದಿ ಮುಚ್ಚಿದ ಕೆಂಡ ಕಣೋ.

ಊಟ ಮುಚ್ಚಿಟ್ಟಿದ್ದೀನಿ, ಬಿಸಿ ಮಾಡ್ಕೊಂಡು ತಿನ್ನು. ಗ್ಯಾರೇಜಿಗೆ ಹೋದೀಯ ಜೋಕೆ, ಬೈಕಿನ ಕೀ ನನ್ನ ಹತ್ತಿರ ಇದೆ. ಮಧ್ಯಾಹ್ನ ರಜೆ ಹಾಕಿ ಬಂದು ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಡಾಕ್ಟರ ಎದುರು ನೀನೇ ಬಾಯಿಬಿಡಬೇಕು.

ಜ್ವರ ಬಿಟ್ಟಿತು ಅಂತ ಮಾತ್ರೆ ಬಿಟ್ಟೆ. ಜ್ವರ ನಿನ್ನನ್ನು ಬಿಟ್ಟಿರಬಹುದು, ನಾನು ಬಿಟ್ಟಿಲ್ಲ.

ಅಕ್ಕ