ಸಿಮೆಂಟಿನ ಮುಷ್ಟಿಯಲ್ಲಿ ಕೆಂಚಕ್ಕನ ಕೊಡಲಿ

ಬೆಳ್ಳಿಹಬ್ಬ ಸಮಿತಿಯ ಅಧಿಕಾರಿ ಮಹಾಶಯರೇ,

ಕೆಂಚಕ್ಕನ ಕೊಡಲಿ ಯಾವಾಗ ಕೊಡುತ್ತೀರಿ? ನಮಸ್ಕಾರ, ಕುಶಲ ಎಲ್ಲ ಆಮೇಲೆ. ಸ್ವಾತಂತ್ರ್ಯದ ಬೆಳ್ಳಿಹಬ್ಬದ ಪ್ರದರ್ಶನಕ್ಕೆಂದು ಜುಲೈ ತಿಂಗಳಲ್ಲಿ ತಾವೇ ಜೀಪಿನಲ್ಲಿ ನಮ್ಮೂರಿಗೆ ದಯಮಾಡಿಸಿ, ಆಕೆ ಕೊಟ್ಟ ಮಜ್ಜಿಗೆ ಕುಡಿದು, "ಹಬ್ಬ ಮುಗಿದ ಕೂಡಲೇ ತಂದುಕೊಡುತ್ತೇನೆ ತಾಯಿ" ಎಂದು ಒಯ್ದ ಕೊಡಲಿ ಅದು. ನವೆಂಬರ್ ಮುಗಿಯುತ್ತ ಬಂತು. ಮಾರ್ಗಶಿರದ ಮೊದಲ ಸೋಮವಾರ ಬಾಗಿಲಲ್ಲಿ ನಿಂತಿದೆ.

ಆ ಸೋಮವಾರ ತಮ್ಮ ರಜೆಯ ಪಟ್ಟಿಯಲ್ಲಿಲ್ಲ. ಆದ್ದರಿಂದ ಕೇಳಿರಿ! ತುರುವನೂರಿನ ಕಡೆ ಈಚಲು ಮರ ಕಡಿಯುವ ಚಳವಳಿ ಎದ್ದ ಕಾಲಕ್ಕೆ ನಮ್ಮ ಪುಟ್ಟ ಊರೂ ಸುಮ್ಮನೆ ಕೂರಲಿಲ್ಲ. ಗಂಡಸರನ್ನೆಲ್ಲ ಜೈಲಿಗೆ ಎಳೆದೊಯ್ದ ಮೇಲೆ ಆ ಹೆಂಡದ ಮರಗಳಿಗೆ ಕೊಡಲಿ ಹಾಕಿದವಳು ಕುರಿ ಕಾಯುವ ಮನೆಯ ಸೊಸೆ ಕೆಂಚಕ್ಕ. ಪೊಲೀಸರು ಬಂದರು, ಮನೆಮನೆಯ ಒಲೆಗೆ ನೀರು ಸುರಿದರು, ಕೊಡಲಿಗಳನ್ನೆಲ್ಲ ಹೊತ್ತೊಯ್ದರು. ಕುರಿಹಟ್ಟಿಯ ಗೊಬ್ಬರದಲ್ಲಿ ಆಕೆ ಹೂತಿಟ್ಟದ್ದು ಮಾತ್ರ ಉಳಿಯಿತು. ಬ್ರಿಟಿಷರ ಕಾಲದಲ್ಲಿ ಯಾರ ಕೈಗೂ ಸಿಗದ ಕೊಡಲಿ ತಮ್ಮ ಕೈಗೆ ಸಿಕ್ಕಿತು ನೋಡಿ!

ಅಂದಿನಿಂದ ಪ್ರತಿವರ್ಷ ಆ ಸೋಮವಾರ ಕೊಡಲಿ ಮನೆಯಿಂದ ಮನೆಗೆ ಹೋಗುತ್ತದೆ. ಹೊಸ್ತಿಲಿಗೆ ಅದು ಬರುವ ತನಕ ಒಲೆ ಹಚ್ಚುವಂತಿಲ್ಲ. "ಯಾಕವ್ವ ಇನ್ನೂ ಮುದ್ದೆ ಮಾಡಿಲ್ಲ?" ಎಂದು ಮಕ್ಕಳು ರಂಪ ಮಾಡುತ್ತವೆ. ಆಗ ಅವ್ವಂದಿರು ಈ ಕಥೆ ಹೇಳುತ್ತಾರೆ. ನಮ್ಮೂರಿನ ಚರಿತ್ರೆ ಉಳಿದಿರುವುದು ಆ ಹಸಿವಿನಲ್ಲಿ.

ತಾವೋ, "ಊರಿಗೊಂದು ದಿನ ಇಟ್ಟುಕೊಂಡರೆ ದೇಶ ಒಂದಾಗುವುದು ಹೇಗೆ? ಆಗಸ್ಟ್ ಹದಿನೈದಕ್ಕೇ ಸೇರಿಸಿಬಿಡಿ" ಎಂದು ಅಪ್ಪಣೆ ಕೊಡಿಸಿ ಪೆಪ್ಪರಮೆಂಟು ಹಂಚಿಸಿದಿರಿ. ಬಾವುಟದ ಮುಂದೆ ನಾನೂ ಎದೆಯುಬ್ಬಿಸಿ ನಿಲ್ಲುವವನೇ. ಆದರೆ ಬಾಯಲ್ಲಿ ಪೆಪ್ಪರಮೆಂಟು ಇರುವ ಮಗು ಪ್ರಶ್ನೆ ಕೇಳುವುದಿಲ್ಲ. ಇದು ತಮಗೆ ಗೊತ್ತಿಲ್ಲದೆ ಆದದ್ದೇ?

ಹೋದ ವಾರ ಕೆಂಚಕ್ಕನನ್ನು ಬಸ್ಸಿನಲ್ಲಿ ದುರ್ಗಕ್ಕೆ ಕರೆತಂದೆ. ತಮ್ಮ ಕಚೇರಿಯ ಜವಾನ ಅಜ್ಜಪ್ಪ ನಮ್ಮನ್ನು ಪಾರ್ಕಿಗೆ ಕರೆದೊಯ್ದ. ಅಲ್ಲೊಂದು ಸಿಮೆಂಟಿನ ಪ್ರತಿಮೆ, ತಲೆಗೆ ಟೋಪಿ, ಕಾಲಿಗೆ ಬೂಟು. ಅದರ ಮುಷ್ಟಿಯಲ್ಲಿ ಬೆಳ್ಳಿ ಬಣ್ಣ ಬಳಿಸಿಕೊಂಡ ನಮ್ಮ ಕೊಡಲಿ!

"ಯಾರಪ್ಪ ಇವ್ನು?" ಎಂದಳು ಕೆಂಚಕ್ಕ.

"ಸ್ವಾತಂತ್ರ್ಯ ಯೋಧ ಅಂತ ಬರ್ದೈತೆ" ಎಂದೆ.

"ಬೂಟು ಹಾಕ್ಕಂಡವ್ನೆ! ಅವತ್ತು ನಮ್ಮೂರಿಗೆ ಬೂಟು ಹಾಕ್ಕಂಡು ಬಂದೋರು ಪೊಲೀಸ್ರು ಮಾತ್ರ ಕಣಲೇ!"

ಅಜ್ಜಪ್ಪ ಕಿಸಕ್ಕನೆ ನಕ್ಕ.

"ನಗಬ್ಯಾಡ. ಕೊಡ್ಲಿ ಬಿಡಿಸ್ಕೊಡು."

"ಮುಟ್ಟಂಗಿಲ್ಲ ಅಜ್ಜಿ. ಅದು ಈಗ ಸರ್ಕಾರದ ಆಸ್ತಿ."

"ಅದ್ಕೆ ಮರದ ಕಾವು ಹಾಕ್ದೋನು ನನ್ ಗಂಡ. ಸರ್ಕಾರ ಯಾವಾಗ ಹಾಕ್ತು ಲೇ?"

ನಾನು ಬಗ್ಗಿ ಪೀಠದ ಕಲ್ಲು ಓದಿದೆ. ದಾನಿಗಳು: ನಮ್ಮ ಸೀಮೆಯ ಸಾರಾಯಿ ಗುತ್ತಿಗೆದಾರರು! ಹೆಂಡದ ಮರ ಕಡಿದ ಕೊಡಲಿಗೆ ಸಾರಾಯಿ ದುಡ್ಡಿನ ಸಿಮೆಂಟು! ಕೊಡಲಿ ಇನ್ನೆಂದೂ ಕೆಳಗಿಳಿಯದಿರಲಿ ಎಂದು ಬಯಸುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಕ್ಕೀತು? ಈ ಯೋಚನೆ ಮೊದಲು ಹೊಳೆದದ್ದು ತಮಗೋ, ದಾನಿಗಳಿಗೋ? ನಾನು ಊರ ನಾಟಕದಲ್ಲಿ ಭೀಮನ ಪಾತ್ರದವನು. ಮರದ ಗದೆಗೆ ಹೊಳೆಯುವ ಬೇಗಡೆ ಕಾಗದ ಸುತ್ತಿ ಉಕ್ಕಿನದೆಂದು ನಂಬಿಸಿದ್ದೇನೆ. ಉಕ್ಕಿನ ಕೊಡಲಿಯನ್ನು ಬೇಗಡೆಯದಾಗಿಸಿದ ತಮ್ಮ ವಿದ್ಯೆಗೆ ಶರಣು!

ಸೋಮವಾರದೊಳಗೆ ಕೊಡಲಿ ಊರಿಗೆ ಬರಬೇಕು. ಮುಷ್ಟಿ ಬರಿದಾಗುವುದೆಂಬ ಚಿಂತೆಯಿದ್ದರೆ ನನ್ನ ಗದೆ ಕೊಡುತ್ತೇನೆ, ಆ ಬೂಟಿಗೆ ಚೆನ್ನಾಗಿ ಒಪ್ಪುತ್ತದೆ. ಕೊಡಲಿ ಬಾರದಿದ್ದರೆ ಒಲೆ ಹಚ್ಚುವುದಿಲ್ಲವೆಂದು ಕೆಂಚಕ್ಕ ಹೇಳಿಬಿಟ್ಟಿದ್ದಾಳೆ. ಊರಿನ ಹೆಂಗಸರು ಹಸಿದ ಮಕ್ಕಳನ್ನು ಕಟ್ಟಿಕೊಂಡು ಆ ಪಾರ್ಕಿಗೇ ಬರುತ್ತಾರೆ. ಯಾಕೆ ಒಲೆ ಹಚ್ಚಿಲ್ಲವೆಂದು ಮಕ್ಕಳು ಕೇಳುತ್ತವೆ. ಈ ಸಲ ಉತ್ತರ ತಾವು ಹೇಳಬೇಕು. ಪೆಪ್ಪರಮೆಂಟು ತರಬೇಡಿ.

ಇಂತಿ,
ಮರದ ಗದೆಯೊಂದೇ ಆಯುಧವಾದ ನಾಟಕದ ಭೀಮ,
ಚಿತ್ರಲಿಂಗಪ್ಪ