ಕಣ್ಣಿಲ್ಲದವರ ಕೈಗೆ ಬಾಯಿಲ್ಲದ ಪೆಟ್ಟಿಗೆ

ಅಂಧರ ಸಲಕರಣೆ ವಿತರಣಾ ಕಚೇರಿಯ ಮುಖ್ಯಾಧಿಕಾರಿಗಳೇ,

ನೀವು ಅಂಧರಿಗೆ ಹಂಚಿದ ಹಾಡಿನ ಪೆಟ್ಟಿಗೆ ಮಾತನಾಡುವುದಿಲ್ಲ. ಹಾಡುತ್ತದೆ, ಒಪ್ಪಿದೆ. ಆದರೆ ಹಾಡು ಎಲ್ಲಿದೆ, ರೆಕಾರ್ಡ್ ಮಾಡಿದ್ದು ಎಲ್ಲಿದೆ, ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂಬುದನ್ನೆಲ್ಲ ಎರಡು ಬೆರಳಗಲದ ಪರದೆಯ ಮೇಲೆ ಚೆಂದದ ಅಕ್ಷರಗಳಲ್ಲಿ ತೋರಿಸುತ್ತದೆ. ಯಾರಿಗೆ ತೋರಿಸುತ್ತದೆ ಎಂಬ ಪ್ರಶ್ನೆ ನಿಮ್ಮ ಕಚೇರಿಯ ಅಷ್ಟೂ ಮೇಜುಗಳ ಹಿಂದೆ ಕೂತ ಒಬ್ಬರಿಗೂ ಹೊಳೆಯಲಿಲ್ಲವೇ?

ನಾನು ರೇಡಿಯೊ ರಿಪೇರಿ ಮಾಡುವವನು. ನನ್ನ ಅಕ್ಕ ಕುರ್ಚಿಗಳಿಗೆ ಬೆತ್ತ ಹೆಣೆಯುವ ಅಂಧರ ಕಾರ್ಯಾಗಾರದಲ್ಲಿದ್ದಾಳೆ. ನಲವತ್ತರ ಹೊತ್ತಿಗೆ ಅವಳ ದೃಷ್ಟಿ ಪೂರ್ತಿ ಹೋಯಿತು. ಬಸ್ ಚಾಲಕರಾಗಿದ್ದ ಭಾವ ಅಂದಿನಿಂದ ದಿನವೂ ಅವಳಿಗೆ ಕಾದಂಬರಿ ಓದಿ ಹೇಳುತ್ತಿದ್ದರು. ನಿಮ್ಮ ಪೆಟ್ಟಿಗೆ ಬಂದ ಮೇಲೆ, ತಾವು ಡ್ಯೂಟಿಗೆ ಹೋದಾಗ ಅವಳಿಗೆ ಬೇಸರವಾಗದಿರಲೆಂದು, ಓದುವುದನ್ನು ಅದರಲ್ಲೇ ರೆಕಾರ್ಡ್ ಮಾಡತೊಡಗಿದರು. ನಡುನಡುವೆ ಕೆಮ್ಮುತ್ತಿದ್ದರು, "ತಾಳು, ಚಹಾ ಆರಿಹೋಗ್ತಿದೆ" ಎನ್ನುತ್ತಿದ್ದರು, ಕಥೆಯ ಸೊಸೆಯ ಪರ ವಹಿಸಿ ಅತ್ತೆಯನ್ನು ಬೈಯುತ್ತಿದ್ದರು. ಹೀಗೆ ಮೂರು ಕಾದಂಬರಿ ಮುಗಿದವು. ನಾಲ್ಕನೆಯದು ಅರ್ಧಕ್ಕೆ ಬಂದಿದ್ದಾಗ ಅವರ ಹೃದಯ ನಿಂತಿತು.

ಆಮೇಲೆ ಅಕ್ಕನ ಪಾಲಿಗೆ ಉಳಿದದ್ದು ಆ ದನಿಯೊಂದೇ. ಪರದೆ ಕಾಣದ ಅವಳು ಎಣಿಸಿಯೇ ದಾರಿ ಕಲಿತಿದ್ದಳು: ಕೆಳಗಿನ ಗುಂಡಿ ಮೂರು ಸಲ, ನಡುವಿನ ಗುಂಡಿ ಎರಡು ಸಲ, ಭಾವ ಮಾತಾಡುತ್ತಾರೆ.

"ಇದಕ್ಕೆ ಬಾಯಿ ಬರೋ ಹಾಗೆ ಮಾಡೋಕಾಗಲ್ವೇನೋ? ಎಲ್ಲಾದ್ರೂ ಎಣಿಕೆ ತಪ್ಪಿದ್ರೆ ಅಂತ ಭಯ ಆಗುತ್ತೆ" ಎಂದು ಒಮ್ಮೆ ಕೇಳಿದ್ದಳು.

"ಆಗುತ್ತೆ ಕಣಕ್ಕ. ಸ್ವಲ್ಪ ಬಿಡುವಾಗಲಿ" ಎಂದಿದ್ದೆ. ನನಗೆ ಬಿಡುವಾಗಲಿಲ್ಲ.

ನಿಮಗೆ ಆಯಿತು. ಮೊನ್ನೆ ಬೇಸಿಗೆಯಲ್ಲಿ ನಿಮ್ಮ ತಂತ್ರಜ್ಞರು ಕಾರ್ಯಾಗಾರಕ್ಕೆ ದಯಮಾಡಿಸಿ ಎಲ್ಲರ ಪೆಟ್ಟಿಗೆಗಳನ್ನೂ 'ಸುಧಾರಿಸಿ' ಕೊಟ್ಟರು. ಪರದೆಯ ಅಕ್ಷರಗಳು ಇನ್ನಷ್ಟು ಹೊಳೆಯತೊಡಗಿದವು. ಪಟ್ಟಿಯ ಸಾಲುಗಳ ಕ್ರಮವೂ ಬದಲಾಯಿತು, ಆದರೆ ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮೊದಲ ಸಾಲಿನಿಂದ ಮೂರು ಹೆಜ್ಜೆ ಕೆಳಗೆ, ರೆಕಾರ್ಡಿಂಗ್ ಇದ್ದ ನಾಲ್ಕನೆಯ ಸಾಲಿಗೆ 'ಎಲ್ಲವನ್ನೂ ಅಳಿಸು' ಬಂದು ಕೂತಿತ್ತು. ಆ ಸಂಜೆ ಅಕ್ಕ ಎಂದಿನಂತೆ ಕೆಳಗಿನ ಗುಂಡಿ ಮೂರು ಸಲ ಒತ್ತಿದಳು. ನಡುವಿನದು ಒಮ್ಮೆ. 'ಖಚಿತವೇ?' ಎಂದು ಯಂತ್ರ ಪರದೆಯ ಮೇಲೆ ಕೇಳಿತು. ಅವಳು ಇನ್ನೊಮ್ಮೆ ಒತ್ತಿದಳು.

ಮರುದಿನ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದಳು. "ಕೆಟ್ಟಿದೆ ಅನ್ಸುತ್ತೆ, ನೋಡೋ. ನಿಮ್ಮ ಭಾವ ಮಾತಾಡ್ತಿಲ್ಲ."

ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಸುರಿದೆ. ವಾರ ಕಳೆದ ಮೇಲೆ ಸಿಕ್ಕಿದ್ದು ಹನ್ನೊಂದು ಸೆಕೆಂಡು. ಭಾವ ಕೆಮ್ಮಿ, "ಎಲ್ಲಿಗೆ ನಿಲ್ಲಿಸಿದ್ದೆ?" ಎನ್ನುತ್ತಾರೆ. ಅಷ್ಟೇ.

"ಸೊಸೆ ತವರಿಗೆ ಹೊರಟಿದ್ದಳಲ್ರೀ" ಎಂದಳು ಅಕ್ಕ, ಅವರು ಎದುರಿಗೇ ಕೂತಿರುವಂತೆ. ನಾನು ಎದ್ದು ಹೊರಗೆ ಹೋದೆ.

ನಿಮ್ಮ ಕಚೇರಿಗೆ ದೂರು ಕೊಟ್ಟೆವು. ಅಕ್ಕನ ಹೆಸರಿಗೇ ಉತ್ತರ ಬಂತು: "ಫಲಾನುಭವಿಯು ಪರದೆಯ ಮೇಲಿನ ಎಚ್ಚರಿಕೆಯನ್ನು ಓದದೆ ಸಮ್ಮತಿಸಿರುವುದರಿಂದ ಕಚೇರಿಯು ಹೊಣೆಯಾಗಿರುವುದಿಲ್ಲ." ಎಂಥ ಸೂಕ್ಷ್ಮ ತನಿಖೆ ಮಾನ್ಯರೇ! ಕುರುಡಿ ಓದಲಿಲ್ಲ ಎಂಬುದನ್ನು ನೀವು ಕಂಡುಹಿಡಿದುಬಿಟ್ಟಿರಿ. ಆ ವಾಕ್ಯವನ್ನು ಅವಳಿಗೆ ಓದಿ ಹೇಳಬೇಕಾದವನು ನಾನು. ಕಾಗದವನ್ನು ಮಡಚಿ ಜೇಬಿಗಿಟ್ಟೆ.

"ಏನಂತೆ?"

"ನೋಡ್ತಾರಂತೆ."

"ಅವರಾದ್ರೂ ನೋಡ್ಲಿ ಬಿಡು" ಎಂದು ನಕ್ಕಳು.

ಮಾತನಾಡುವ ಪಟ್ಟಿ ಅಷ್ಟು ದುಸ್ತರವಾದ ಕೆಲಸವೇ? ಕೊನೆಗೂ ನಾನು ಅಂಗಡಿಯಲ್ಲಿ ಕೂತು ನಾಲ್ಕೇ ದಿನಗಳಲ್ಲಿ ಮಾಡಿ ಮುಗಿಸಿದೆ. ಗುಂಡಿ ಒತ್ತಿ ಯಾವ ಸಾಲಿಗೆ ಹೋದರೂ ಆ ಸಾಲಿನ ಹೆಸರು ಕೇಳಿಸುತ್ತದೆ, ನನ್ನದೇ ಗೊಗ್ಗರು ದನಿಯಲ್ಲಿ. ಈಗ ಕಾರ್ಯಾಗಾರದ ಹದಿನಾಲ್ಕು ಪೆಟ್ಟಿಗೆಗಳೂ ಮಾತಾಡುತ್ತವೆ. ಹೆಣೆಯುವವರು ನನ್ನನ್ನು 'ಪೆಟ್ಟಿಗೆಯಣ್ಣ' ಎಂದು ಕರೆದು ತಮಾಷೆ ಮಾಡುತ್ತಾರೆ. ಅಕ್ಕನ ಪೆಟ್ಟಿಗೆಗೂ ಬಾಯಿ ಬಂದಿದೆ. ಆದರೆ ಅವಳು ಕೇಳಲು ಬಯಸುವುದು ಅದರಲ್ಲಿ ಇಲ್ಲ. ನಾಲ್ಕು ದಿನದ ಕೆಲಸವನ್ನು ನಾನು ಒಂದು ವರ್ಷ ಮುಂದೂಡಿದೆ. ಭಾವನ ದನಿಯ ಇನ್ನೊಂದು ಪ್ರತಿಯನ್ನಾದರೂ ತೆಗೆದಿಡಬಹುದಿತ್ತು, ಅದನ್ನೂ ಮಾಡಲಿಲ್ಲ. ನಿಮ್ಮನ್ನು ಬೈಯಲು ಕೂತವನಿಗೆ ಅರ್ಧ ಬೈಗುಳ ತನಗೇ ತಗಲುತ್ತಿದೆ.

ಆದರೂ ಕೇಳುತ್ತೇನೆ. ನೀವು ಹಂಚಿದ ಪ್ರತಿಯೊಂದು ಪೆಟ್ಟಿಗೆಗೂ ಮಾತಿನ ಪಟ್ಟಿ ಹಾಕಿಸಿ. ನಾನು ಮಾಡಿದ್ದನ್ನು ಇದರೊಂದಿಗೆ ಕಳಿಸಿದ್ದೇನೆ, ಧಾರಾಳವಾಗಿ ಬಳಸಿಕೊಳ್ಳಿ. ಮುಂದೆ ಏನನ್ನು ಸುಧಾರಿಸುವುದಿದ್ದರೂ ಮೊದಲು ಬೆತ್ತ ಹೆಣೆಯುವವರ ಕೈಗೆ ಕೊಟ್ಟು ಸರಿಯಾಗಿದೆಯೇ ಎಂದು ಕೇಳಿ. ಹಾಗೆಯೇ ತಾವು ಒಮ್ಮೆ ಕಾರ್ಯಾಗಾರಕ್ಕೆ ಬನ್ನಿ. ಕಿಟಕಿಯ ಬಳಿಯ ಎರಡನೆಯ ಬೆಂಚು ಅಕ್ಕನದು. ತಪ್ಪಾಯಿತು ಎಂದು ಅವಳಿಗೆ ಕೇಳಿಸುವಂತೆ ಹೇಳಿ. ನಾನು ಹೇಳಿಬಂದಿದ್ದೇನೆ. ಬೆತ್ತ ಎಳೆಯುವುದನ್ನು ನಿಲ್ಲಿಸದೆ, "ಹೋಗ್ಲಿ ಬಿಡೋ" ಎಂದಳು. ನಿಮಗೂ ಹಾಗೇ ಅಂದಾಳು. ಅದನ್ನು ಕೇಳಿಸಿಕೊಂಡು ಅಲ್ಲಿ ನಿಂತಿರುವುದಿದೆಯಲ್ಲ, ಅದು ಬಹಳ ಕಷ್ಟ.

ಇಂತಿ,
ನಿಮ್ಮಷ್ಟೇ ತಡಮಾಡಿದ
ಒಬ್ಬ ರೇಡಿಯೊ ರಿಪೇರಿಯವನು